ಹಳೆಯ ಬೀಟಲ್‌ಗೆ ಹೊಸ ಬಲ: ಫ್ಯಾನ್ ಕವಚ ಆರಿಸುವ ಮುನ್ನ ತಿಳಿಯಬೇಕಾದದ್ದು

ಹೆಬ್ಬಾಳ (ಮೈಸೂರು): ಗಾಳಿಯಿಂದ ತಣಿಯುವ ಎಂಜಿನ್ ಮೈಸೂರಿಗೆ ಅಪರಿಚಿತವಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ತಯಾರಿಸಿತು. ಆ ಬೈಕುಗಳ ಎಂಜಿನ್‌ಗೆ ನೀರಿನ ತೊಟ್ಟಿ ಇರಲಿಲ್ಲ, ಫ್ಯಾನ್ ಕೂಡ ಇರಲಿಲ್ಲ. ಬೈಕ್ ಓಡುವಾಗ ಎದುರಿನಿಂದ ಬೀಸುವ ಗಾಳಿಯೇ ಸಿಲಿಂಡರ್‌ನ ಫಿನ್‌ಗಳ ಮೇಲೆ ಹರಿದು ಶಾಖವನ್ನು ಹೊತ್ತೊಯ್ಯುತ್ತಿತ್ತು. ಎಂಜಿನ್ ಬಯಲಿನಲ್ಲಿರುವವರೆಗೆ ಈ ಏರ್ಪಾಡು ಸಾಕಾಗುತ್ತದೆ. ಅದೇ ಎಂಜಿನ್ ಕಾರಿನ ಡಿಕ್ಕಿಯೊಳಗೆ ಮುಚ್ಚಿಕೊಂಡಿದ್ದರೆ ಗಾಳಿ ತಾನಾಗಿ ಬರುವುದಿಲ್ಲ, ಅದನ್ನು ತರಬೇಕಾಗುತ್ತದೆ. ಹಾಗೆ ತರುವುದು ಫ್ಯಾನ್. ತಂದ ಗಾಳಿಯನ್ನು ಸೋರದಂತೆ ಹಿಡಿದು ಬೇಕಾದ ಜಾಗಕ್ಕೆ ಮುಟ್ಟಿಸುವುದು ಅದರ ಸುತ್ತಲಿನ ತಗಡಿನ ಹೊದಿಕೆ, ಅಂದರೆ ಫ್ಯಾನ್ ಶ್ರೌಡ್ ಅಥವಾ ಫ್ಯಾನ್ ಕವಚ.

ನಮ್ಮ ರಸ್ತೆಗಳಲ್ಲಿ ಈ ಕವಚಕ್ಕೆ ಅತ್ಯಂತ ಪರಿಚಿತ ಉದಾಹರಣೆ ಹಳೆಯ ಬಜಾಜ್ ಚೇತಕ್ ಸ್ಕೂಟರ್ ಮತ್ತು ಎರಡು ಸ್ಟ್ರೋಕ್ ಆಟೊರಿಕ್ಷಾ. ಅವುಗಳಲ್ಲಿ ಮ್ಯಾಗ್ನೆಟ್ ಚಕ್ರಕ್ಕೇ ರೆಕ್ಕೆಗಳಿದ್ದು, ಅವು ತಳ್ಳಿದ ಗಾಳಿ ಒಂದು ಕವರ್‌ನೊಳಗೆ ಹಾದು ಸಿಲಿಂಡರ್ ಮತ್ತು ಹೆಡ್‌ಗಳನ್ನು ಸುತ್ತಿ ಹೊರಬೀಳುತ್ತದೆ. ಆ ಕವರ್ ತೆಗೆದು ಓಡಿಸಿದರೆ ಪಿಸ್ಟನ್ ಜಾಮ್ ಆಗುವುದು ಖಚಿತವೆಂದು ಯಾವ ಆಟೊ ಮೆಕ್ಯಾನಿಕ್ ಆದರೂ ಹೇಳಬಲ್ಲ. ಫ್ಯಾನ್ ತಿರುಗುತ್ತಲೇ ಇರುತ್ತದೆ, ಗಾಳಿಯೂ ಬೀಸುತ್ತಿರುತ್ತದೆ, ಆದರೆ ಬೇಕಾದ ಕಡೆ ಹೋಗುವುದಿಲ್ಲ.

ಇದೇ ತತ್ತ್ವ ನಾಲ್ಕು ಸಿಲಿಂಡರ್‌ಗಳ ಕಾರಿಗೆ ಬಂದಾಗ ಇನ್ನಷ್ಟು ಸೂಕ್ಷ್ಮವಾಗುತ್ತದೆ. ರಾಜ್ಯದಲ್ಲಿ ಗಾಳಿಯಿಂದ ತಣಿಯುವ ಎಂಜಿನ್ ಇರುವ ಕಾರುಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ಫೋಕ್ಸ್‌ವ್ಯಾಗನ್ ಬೀಟಲ್. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್ ಎಲ್ಲವೂ ರೇಡಿಯೇಟರ್ ಇದ್ದ ಕಾರುಗಳು. ಬೀಟಲ್‌ಗಳು ಆಮದಾಗಿ ಬಂದು ಕೈಯಿಂದ ಕೈಗೆ ದಾಟಿ ಇಂದಿಗೂ ಕೆಲವು ಮನೆಗಳಲ್ಲಿ ಉಳಿದಿವೆ. ಅವುಗಳಿಗೆ ಹೆಚ್ಚಿನ ಶಕ್ತಿಯ ಎಂಜಿನ್ ಕಟ್ಟಿಸಿಕೊಳ್ಳುವ ಹಂಬಲವೂ ಕೆಲವು ಮಾಲೀಕರಲ್ಲಿದೆ. ಅಂಥವರು ಪಿಸ್ಟನ್, ಕಾರ್ಬ್ಯುರೇಟರ್, ಸೈಲೆನ್ಸರ್ ಬಗ್ಗೆ ತಿಂಗಳುಗಟ್ಟಲೆ ಯೋಚಿಸಿ, ಕವಚವನ್ನು ಮಾತ್ರ ಹೊಳಪು ನೋಡಿ ಕೊಳ್ಳುವುದುಂಟು. ಎಂಜಿನ್‌ನ ಆಯುಷ್ಯ ನಿರ್ಧಾರವಾಗುವುದು ಬಹುಮಟ್ಟಿಗೆ ಅಲ್ಲೇ.

ಶಾಖದ ಲೆಕ್ಕ

ಪೆಟ್ರೋಲ್ ಎಂಜಿನ್‌ನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಕಾಲು ಭಾಗದಿಂದ ಮೂರನೇ ಒಂದು ಭಾಗ ಮಾತ್ರ ಚಕ್ರಕ್ಕೆ ಸಿಗುತ್ತದೆ. ಅಷ್ಟೇ ಪ್ರಮಾಣದ ಶಾಖವನ್ನು ತಂಪುಗೊಳಿಸುವ ವ್ಯವಸ್ಥೆ ಹೊರಹಾಕಬೇಕು, ಉಳಿದದ್ದು ಸೈಲೆನ್ಸರ್ ಮೂಲಕ ಹೋಗುತ್ತದೆ. ಬೀಟಲ್‌ನ 1600 ಎಂಜಿನ್‌ನ ನಿಜವಾದ ಗಾತ್ರ 1584 ಸಿಸಿ. ಅದರ ಗರಿಷ್ಠ ಶಕ್ತಿ 50 ಅಶ್ವಶಕ್ತಿ, ಅಂದರೆ ಸುಮಾರು 37 ಕಿಲೋವ್ಯಾಟ್. ಪೂರ್ಣ ಬಲದಲ್ಲಿ ಓಡುವಾಗ ಗಾಳಿ ಹೊತ್ತೊಯ್ಯಬೇಕಾದ ಶಾಖವನ್ನು 30 ಕಿಲೋವ್ಯಾಟ್ ಎಂದು ಇಟ್ಟುಕೊಳ್ಳೋಣ.

ಒಂದು ಕಿಲೋ ಗಾಳಿಯನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು ಒಂದು ಕಿಲೋಜೂಲ್ ಶಾಖ ಬೇಕು. ಫಿನ್‌ಗಳ ನಡುವೆ ಹಾದುಹೋಗುವಾಗ ಗಾಳಿ 60 ಡಿಗ್ರಿಯಷ್ಟು ಬಿಸಿಯಾಗುತ್ತದೆ ಎಂದುಕೊಂಡರೆ, ಪ್ರತಿ ಸೆಕೆಂಡಿಗೆ ಅರ್ಧ ಕಿಲೋ ಗಾಳಿ ಬೇಕಾಗುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಏಪ್ರಿಲ್‌ನ 35 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಒಂದು ಘನ ಮೀಟರ್ ಗಾಳಿಯ ತೂಕ ಹೆಚ್ಚುಕಡಿಮೆ 1.05 ಕಿಲೋ. ಹೀಗಾಗಿ ಅರ್ಧ ಕಿಲೋ ಗಾಳಿ ಎಂದರೆ 480 ಲೀಟರ್. ಇನ್ನೂರು ಲೀಟರಿನ ದೊಡ್ಡ ಡ್ರಮ್‌ಗಳಲ್ಲಿ ಅಳೆದರೆ ಪ್ರತಿ ಸೆಕೆಂಡಿಗೆ ಎರಡು ಡ್ರಮ್‌ಗೂ ಮೀರಿದ ಗಾಳಿ ಎಂಜಿನ್ ಮೂಲಕ ಹಾದುಹೋಗಬೇಕು.

ಇದೇ ಅರ್ಧ ಕಿಲೋ ಗಾಳಿ ಸಮುದ್ರಮಟ್ಟದ, 15 ಡಿಗ್ರಿಯ ತಂಪು ಊರಿನಲ್ಲಿ ಸುಮಾರು 410 ಲೀಟರ್‌ನಲ್ಲೇ ಸಿಗುತ್ತದೆ. ಫ್ಯಾನ್‌ಗೆ ತೂಕ ತಿಳಿಯದು, ಅದು ತಳ್ಳುವುದು ಗಾತ್ರವನ್ನು. ಆದ್ದರಿಂದ ಅದೇ ಫ್ಯಾನ್, ಅದೇ ವೇಗದಲ್ಲಿ, ಮೈಸೂರಿನ ಬೇಸಿಗೆಯಲ್ಲಿ ಶೇ 15ರಷ್ಟು ಕಡಿಮೆ ತೂಕದ ಗಾಳಿಯನ್ನು ಕೊಡುತ್ತದೆ. ತೆಳುಗಾಳಿಯಲ್ಲಿ ಎಂಜಿನ್‌ನ ಶಕ್ತಿಯೂ ಕೊಂಚ ಇಳಿಯುವುದರಿಂದ ಶಾಖವೂ ಸ್ವಲ್ಪ ಕಡಿಮೆಯಾಗುತ್ತದೆ ಎಂಬುದು ನಿಜ. ಆದರೆ ಒಳಬರುವ ಗಾಳಿಯೇ 20 ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಯೂರೋಪಿನ ಹವೆಯಲ್ಲಿ ಸಾಕಾಗುವ ಕವಚ ಇಲ್ಲಿ ಅಂಚಿನಲ್ಲೇ ನಿಲ್ಲಲು ಇದೇ ಕಾರಣ.

ಈಗ ಎಂಜಿನ್ ಮಾರ್ಪಡಿಸಿದರೆ ಏನಾಗುತ್ತದೆ ಎಂದು ನೋಡೋಣ. ಬೀಟಲ್ ಎಂಜಿನ್‌ನ ಮೂಲ ಬೋರ್ 85.5 ಮಿ.ಮೀ., ಸ್ಟ್ರೋಕ್ 69 ಮಿ.ಮೀ. ಬೋರನ್ನು 90.5 ಮಿ.ಮೀ.ಗೆ ಹಿಗ್ಗಿಸಿದರೆ 1776 ಸಿಸಿ ಆಗುತ್ತದೆ. 94 ಮಿ.ಮೀ. ಮಾಡಿದರೆ ಸುಮಾರು 1915 ಸಿಸಿ. ಗಾತ್ರ ಕ್ರಮವಾಗಿ ಶೇ 12 ಮತ್ತು ಶೇ 21ರಷ್ಟು ಏರುತ್ತದೆ. ದೊಡ್ಡ ಕಾರ್ಬ್ಯುರೇಟರ್, ಹೊಸ ಕ್ಯಾಮ್ ಸೇರಿ ಶಕ್ತಿ 75 ಅಶ್ವಶಕ್ತಿಗೆ ಏರಿತೆಂದರೆ, ಆ ಶಕ್ತಿಯನ್ನು ಬಳಸುವಷ್ಟು ಹೊತ್ತು ಶಾಖವೂ ಒಂದೂವರೆ ಪಟ್ಟು. ಆದರೆ ಫ್ಯಾನ್ ಹಳೆಯದೇ, ಕವಚ ಹಳೆಯದೇ. ಸಮಸ್ಯೆ ಆರಂಭವಾಗುವುದು ಇಲ್ಲಿಂದ.

ಮೂರನೇ ಸಿಲಿಂಡರ್‌ನ ಪಾಠ

ಬೀಟಲ್‌ನ ಎಂಜಿನ್‌ನಲ್ಲಿ ಎರಡು ಸಿಲಿಂಡರ್‌ಗಳು ಎಡಕ್ಕೆ, ಎರಡು ಬಲಕ್ಕೆ ಮಲಗಿವೆ. ಮೇಲೆ ನಿಂತಿರುವ ಕವಚದ ಒಳಗೆ ಫ್ಯಾನ್ ಇದೆ. ಅದು ಡೈನಮೊ ಅಥವಾ ಆಲ್ಟರ್ನೇಟರ್‌ನ ಶಾಫ್ಟ್‌ಗೇ ಜೋಡಣೆಯಾಗಿದ್ದು, ಬೆಲ್ಟ್ ಮೂಲಕ ಎಂಜಿನ್‌ಗಿಂತ ಸುಮಾರು 1.8 ಪಟ್ಟು ವೇಗದಲ್ಲಿ ತಿರುಗುತ್ತದೆ. ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುವಾಗ ಫ್ಯಾನ್ 7,200ರ ಆಸುಪಾಸಿನಲ್ಲಿರುತ್ತದೆ. ಫ್ಯಾನ್ ಎಸೆದ ಗಾಳಿ ಕವಚದೊಳಗಿನ ಬಾಗಿದ ತಗಡಿನ ಪಟ್ಟಿಗಳಿಗೆ ತಾಗಿ ಎಡಬಲಕ್ಕೆ ಹಂಚಿಕೆಯಾಗಿ, ಸಿಲಿಂಡರ್‌ಗಳ ಮೇಲಿಂದ ಕೆಳಗೆ ಹರಿದು, ಕಾರಿನ ಅಡಿಯಿಂದ ಹೊರಬೀಳುತ್ತದೆ.

ಹಳೆಯ ಮಾದರಿಗಳಲ್ಲಿ ಆಯಿಲ್ ಕೂಲರ್ ಕವಚದ ಒಳಗೇ, ಎಡಬದಿಯ ಸಿಲಿಂಡರ್‌ಗಳಿಗೆ ಹೋಗುವ ಗಾಳಿಯ ದಾರಿಯಲ್ಲೇ ನಿಂತಿತ್ತು. ಇದರಿಂದ ಅದರ ಅಡಿಯಲ್ಲಿದ್ದ ಮೂರನೇ ಸಿಲಿಂಡರ್‌ಗೆ ಗಾಳಿಯೂ ಕಡಿಮೆ ಸಿಗುತ್ತಿತ್ತು, ಸಿಕ್ಕ ಗಾಳಿಯೂ ಆಯಿಲ್‌ನ ಶಾಖ ಹೀರಿ ಬಿಸಿಯಾಗಿರುತ್ತಿತ್ತು. ಈ ಎಂಜಿನ್‌ಗಳಲ್ಲಿ ಮೂರನೇ ಸಿಲಿಂಡರ್‌ನ ವಾಲ್ವ್ ಮೊದಲು ಸುಡುತ್ತದೆ ಎಂಬ ಮಾತು ಹುಟ್ಟಿದ್ದು ಹೀಗೆ.

1600 ಸಿಸಿ ಎಂಜಿನ್‌ಗಳಲ್ಲಿ 1971ರ ಮಾದರಿಯಿಂದ ಕಂಪನಿಯೇ ಇದಕ್ಕೆ ಪರಿಹಾರ ಕಂಡುಕೊಂಡಿತು. ಆಯಿಲ್ ಕೂಲರನ್ನು ಮುಂದಕ್ಕೆ ಸರಿಸಿ, ಅದಕ್ಕೆ ಪ್ರತ್ಯೇಕ ಗೂಡು ಕಟ್ಟಿ, ಅಲ್ಲಿನ ಬಿಸಿಗಾಳಿ ಸಿಲಿಂಡರ್‌ಗೆ ತಾಗದಂತೆ ನೇರವಾಗಿ ಹೊರಗೆ ಬಿಡಲಾಯಿತು. ಫ್ಯಾನ್‌ನ ಅಗಲವನ್ನೂ ಕೊಂಚ ಹೆಚ್ಚಿಸಲಾಯಿತು. ಕವಚದ ಬೆನ್ನಿಗೆ ಅಂಟಿದ ಈ ಗೂಡಿನಿಂದಾಗಿ ಇದಕ್ಕೆ ‘ಡಾಗ್‌ಹೌಸ್’, ಅಂದರೆ ನಾಯಿಗೂಡು, ಎಂಬ ಹೆಸರು ಬಂತು. ಗಾಳಿ ತಂಪಿನ ಎಂಜಿನ್‌ನಲ್ಲಿ ಒಟ್ಟು ಗಾಳಿ ಎಷ್ಟು ಎಂಬುದರಷ್ಟೇ, ನಾಲ್ಕೂ ಸಿಲಿಂಡರ್‌ಗೆ ಅದು ಸಮನಾಗಿ ಹೋಗುತ್ತಿದೆಯೇ ಎಂಬುದೂ ಮುಖ್ಯವೆಂಬುದನ್ನು ಇದು ತೋರಿಸಿಕೊಟ್ಟಿತು.

ಮಾರುಕಟ್ಟೆಯಲ್ಲಿರುವ ಆಯ್ಕೆಗಳು

ಒಂದನೆಯದು, ಮೂಲ ಕಂಪನಿಯ ಡಾಗ್‌ಹೌಸ್ ಕವಚ. ಹಳೆಯ ಎಂಜಿನ್ ಬಿಚ್ಚಿದಾಗ ಸಿಕ್ಕಿದ್ದಾದರೂ, ತುಕ್ಕು ಹಿಡಿದಿದ್ದರೂ, ಒಳಗಿನ ಪಟ್ಟಿಗಳೆಲ್ಲ ಇದ್ದರೆ ಇದಕ್ಕೆ ಸಮನಾದುದು ಕಡಿಮೆ. 1776 ಸಿಸಿವರೆಗಿನ, ನಿತ್ಯದ ಓಡಾಟದ ಎಂಜಿನ್‌ಗೆ ಇದು ಸಾಮಾನ್ಯವಾಗಿ ಸಾಕು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಅಗಲ ಫ್ಯಾನ್‌ನ ಕವಚಕ್ಕೆ ಹಳೆಯ ಕಿರಿದಾದ ಫ್ಯಾನ್ ಕೂರಿಸಿದರೆ ಗಾಳಿ ಅಂಚಿನಲ್ಲೇ ಹಿಂದಕ್ಕೆ ಸೋರುತ್ತದೆ. ಫ್ಯಾನ್ ಮತ್ತು ಅದರ ಹಿಂಬದಿಯ ಮುಚ್ಚಳದ ನಡುವಿನ ಅಂತರ ಸುಮಾರು 2 ಮಿ.ಮೀ. ಇರುವಂತೆ ವಾಷರ್ ಹಾಕಿ ಸರಿಹೊಂದಿಸಬೇಕು.

ಎರಡನೆಯದು, ಹೊರಗಿನ ತಯಾರಕರ ಕ್ರೋಮ್ ಅಥವಾ ಬಣ್ಣದ ಕವಚ. ನೋಡಲು ಚೆಂದ, ಬೆಲೆಯೂ ಹಗುರ. ಆದರೆ ಅಗ್ಗದ ಹಲವು ಕವಚಗಳ ಒಳಗೆ ಗಾಳಿ ಹಂಚುವ ಪಟ್ಟಿಗಳೇ ಇರುವುದಿಲ್ಲ, ಅವು ಬರೀ ಟೊಳ್ಳು ಡಬ್ಬಗಳು. ಕ್ರೋಮ್ ಶಾಖ ಹಿಡಿದಿಟ್ಟುಕೊಳ್ಳುತ್ತದೆ ಎಂಬ ಆಕ್ಷೇಪ ಸಾಮಾನ್ಯವಾಗಿ ಕೇಳಿಬರುತ್ತದಾದರೂ, ಶಾಖದ ಬಹುಪಾಲು ಗಾಳಿಯೊಂದಿಗೆ ಹೊರಹೋಗುವುದರಿಂದ ಹೊರಮೈ ಬಣ್ಣದ ಪ್ರಭಾವ ಚಿಕ್ಕದು. ಒಳಗೇನಿದೆ ಎಂಬುದೇ ಪ್ರಶ್ನೆ. ಕೊಳ್ಳುವ ಮುನ್ನ ಕವಚವನ್ನು ತಲೆಕೆಳಗಾಗಿ ಹಿಡಿದು, ಟಾರ್ಚ್ ಬಿಟ್ಟು ಒಳಗೆ ನೋಡಿದರೆ ಉತ್ತರ ಸಿಗುತ್ತದೆ.

ಮೂರನೆಯದು, ಪೋರ್ಶೆ 911 ಮಾದರಿಯ ಕವಚ. ಗಾಳಿ ತಂಪಿನ 911 ಕಾರುಗಳು 1998ರವರೆಗೆ ತಯಾರಾದವು. ಅವುಗಳಲ್ಲಿ ಫ್ಯಾನ್ ಮೇಜಿನ ಫ್ಯಾನಿನಂತೆ ಎದುರುಮುಖವಾಗಿ ನಿಂತು, ಗಾಳಿಯನ್ನು ನೇರವಾಗಿ ಮುಂದಕ್ಕೆ ತಳ್ಳುತ್ತದೆ. ಬೀಟಲ್‌ನದ್ದು ಹೀಗಲ್ಲ, ಅದು ಗಾಳಿಯನ್ನು ನಡುವಿನಿಂದ ಎಳೆದು ಅಂಚಿಗೆ ಎಸೆಯುವ ಬಗೆಯದು. 911ರ ಫ್ಯಾನ್‌ಗೆ ಫೈಬರ್ ಕವಚ ಕಟ್ಟಿ ಬೀಟಲ್ ಎಂಜಿನ್ ಮೇಲೆ ಕೂರಿಸುವ ಪರಿಪಾಠ ಹೊರದೇಶಗಳಲ್ಲಿದೆ. ದೊಡ್ಡ ಎಂಜಿನ್‌ಗಳಿಗೆ ಇದು ಒಳ್ಳೆಯ ಆಯ್ಕೆ. ಆದರೆ ಆಲ್ಟರ್ನೇಟರ್, ಬೆಲ್ಟ್, ಪುಲ್ಲಿ ಎಲ್ಲವೂ ಬದಲಾಗಬೇಕು. ಆಮದು ವೆಚ್ಚವೂ ಸುಂಕವೂ ಸೇರಿದರೆ ಕವಚದ ಖರ್ಚು ಎಂಜಿನ್‌ನ ಖರ್ಚನ್ನೇ ಮುಟ್ಟಬಹುದು. ಕವಚದ ಒಳ ಆಕಾರ ಸರಿಯಿಲ್ಲದಿದ್ದರೆ ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ ಗಾಳಿ ಹೋಗುವ ಹಳೆಯ ತೊಂದರೆಯೇ ಮರಳುತ್ತದೆ.

ನಾಲ್ಕನೆಯದು, ಫೋಕ್ಸ್‌ವ್ಯಾಗನ್‌ನದ್ದೇ ದೊಡ್ಡ ‘ಟೈಪ್ 4’ ಎಂಜಿನ್ ಕೂರಿಸುವವರ ದಾರಿ. ಆ ಎಂಜಿನ್‌ನಲ್ಲಿ ಫ್ಯಾನ್ ಕ್ರ್ಯಾಂಕ್ ಶಾಫ್ಟ್‌ನ ತುದಿಗೇ ಇರುತ್ತದೆ. ಅದನ್ನು ಬೀಟಲ್‌ನ ಡಿಕ್ಕಿಗೆ ತರಬೇಕಾದರೆ ಗಾಳಿಯ ದಾರಿಯನ್ನೇ ಹೊಸದಾಗಿ ಕಟ್ಟಬೇಕಾಗುತ್ತದೆ. ಇದು ಅನುಭವಿಗಳ ಕೆಲಸ.

ಐದನೆಯದಾಗಿ, ಬೆಲ್ಟ್ ತೆಗೆದುಹಾಕಿ ಬ್ಯಾಟರಿಯಿಂದ ಓಡುವ ಎಲೆಕ್ಟ್ರಿಕ್ ಫ್ಯಾನ್ ಹಾಕಬಹುದಲ್ಲ ಎಂಬ ಪ್ರಶ್ನೆ ಏಳುವುದು ಸಹಜ. ರೇಡಿಯೇಟರ್‌ಗೆ ಬಳಸುವ ಸಾಮಾನ್ಯ 12 ವೋಲ್ಟ್ ಫ್ಯಾನ್ ಎಳೆಯುವುದು 200ರಿಂದ 300 ವ್ಯಾಟ್. ಕಿರಿದಾದ ಫಿನ್‌ಗಳ ನಡುವೆ ಗಾಳಿಯನ್ನು ಒತ್ತಿ ತೂರಿಸಲು ಬೀಟಲ್‌ನ ಫ್ಯಾನ್ ಹೆಚ್ಚಿನ ವೇಗದಲ್ಲಿ ಕಿಲೋವ್ಯಾಟ್‌ಗಳಷ್ಟು ಶಕ್ತಿಯನ್ನು ಎಂಜಿನ್‌ನಿಂದಲೇ ಪಡೆಯುತ್ತದೆ. ಎರಡಕ್ಕೂ ಹೋಲಿಕೆಯೇ ಇಲ್ಲ. ಬಯಲಿನಲ್ಲಿ ಜೋರಾಗಿ ಬೀಸುವಂತೆ ಕಾಣುವ ಎಲೆಕ್ಟ್ರಿಕ್ ಫ್ಯಾನ್, ಕವಚದೊಳಗೆ ಒತ್ತಡ ಎದುರಾದಾಗ ಸೋತುಹೋಗುತ್ತದೆ.

ಪುಲ್ಲಿಯ ಮೋಸ

ಫ್ಯಾನ್ ಎಂಜಿನ್‌ನ ಶಕ್ತಿ ಕದಿಯುತ್ತದೆ ಎಂದು ತಿಳಿದವರು, ಚಿಕ್ಕ ಪುಲ್ಲಿ ಹಾಕಿ ಫ್ಯಾನ್‌ನ ವೇಗ ತಗ್ಗಿಸುವುದುಂಟು. ಇದರ ಹಿಂದಿನ ಲೆಕ್ಕ ಸರಳ. ಫ್ಯಾನ್ ತಳ್ಳುವ ಗಾಳಿ ಅದರ ವೇಗಕ್ಕೆ ಅನುಗುಣ. ಒತ್ತಡ ವೇಗದ ವರ್ಗಕ್ಕೆ, ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣ. ವೇಗವನ್ನು ಶೇ 20ರಷ್ಟು ತಗ್ಗಿಸಿದರೆ ಫ್ಯಾನ್ ನುಂಗುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಲಾಭ ಕಣ್ಣಿಗೆ ಕಾಣುತ್ತದೆ. ಆದರೆ ಅದರ ಜೊತೆಗೇ ಗಾಳಿ ಶೇ 20, ಒತ್ತಡ ಶೇ 36ರಷ್ಟು ಕುಸಿಯುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಮುಗಿಯುವ ಡ್ರ್ಯಾಗ್ ಪಂದ್ಯದ ಕಾರಿಗೆ ಇದು ಒಪ್ಪುತ್ತದೆ. ಮೈಸೂರಿನಿಂದ ಬೆಂಗಳೂರಿಗೆ ಹೋಗುವ ಕಾರಿಗೆ ಒಪ್ಪುವುದಿಲ್ಲ.

ವಿರುದ್ಧ ದಿಕ್ಕಿನಲ್ಲೂ ಅಪಾಯವಿದೆ. ಮಾರ್ಪಡಿಸಿದ ಎಂಜಿನ್ 5,500 ಸುತ್ತಿಗೆ ಏರಿದರೆ, ಮೂಲ ಪುಲ್ಲಿಯಲ್ಲಿ ಫ್ಯಾನ್ 9,900 ಸುತ್ತು ತಿರುಗುತ್ತದೆ. ಹಳೆಯ ತಗಡಿನ ಫ್ಯಾನ್‌ನ ರೆಕ್ಕೆ ಬಿರುಕು ಬಿಟ್ಟಿದ್ದರೆ ಆ ವೇಗದಲ್ಲಿ ಚೂರಾಗಿ ಸಿಡಿಯಬಹುದು. ಅಂಥ ಎಂಜಿನ್‌ಗೆ ವೆಲ್ಡ್ ಮಾಡಿ ಬ್ಯಾಲೆನ್ಸ್ ಮಾಡಿಸಿದ ಫ್ಯಾನ್ ಬೇಕು.

ಹೀಟರ್ ಕೊಳವೆ ಬೇಕೆ?

ಮೂಲ ಕವಚದ ಎರಡೂ ಬದಿಗಳಲ್ಲಿ ಕಾರಿನ ಹೀಟರ್‌ಗೆ ಗಾಳಿ ಕೊಡುವ ಕೊಳವೆಗಳಿರುತ್ತವೆ. ಆ ಗಾಳಿ ಎಕ್ಸಾಸ್ಟ್ ಕೊಳವೆಯ ಸುತ್ತ ಬಿಸಿಯಾಗಿ ಪ್ರಯಾಣಿಕರ ಕಡೆ ಬರುತ್ತದೆ. ಜರ್ಮನಿಯ ಚಳಿಗೆ ಇದು ಅವಶ್ಯ. ಮೈಸೂರಿನಲ್ಲಿ ಸಿಲಿಂಡರ್‌ಗೆ ಸಿಗಬೇಕಾದ ಗಾಳಿಯ ಒಂದು ಪಾಲು ವ್ಯರ್ಥ. ಅದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಹೀಟರ್ ಪೆಟ್ಟಿಗೆ ತುಕ್ಕು ಹಿಡಿದು ತೂತಾಗಿದ್ದರೆ ಎಕ್ಸಾಸ್ಟ್‌ನ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಗೆ ಸೇರಬಹುದು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣಾಪಾಯ ಮಾತ್ರ ಇದೆ.

ಹೀಗಾಗಿ ನಮ್ಮ ಹವೆಗೆ ಹೀಟರ್ ಕೊಳವೆ ಇಲ್ಲದ ಕವಚವೇ ಮೇಲು. ಆದರೆ ಇರುವ ಕವಚದ ಕೊಳವೆಗೆ ಬರೀ ಬಟ್ಟೆ ತುರುಕಿ ಮುಚ್ಚುವುದು ಪರಿಹಾರವಲ್ಲ. ಹೀಟರ್ ಪೆಟ್ಟಿಗೆ ಉಳಿದಿದ್ದು ಗಾಳಿ ಮಾತ್ರ ನಿಂತರೆ ಅದು ಅತಿಯಾಗಿ ಕಾಯುತ್ತದೆ. ಪೆಟ್ಟಿಗೆಯನ್ನೇ ತೆಗೆದು ಸಾದಾ ಎಕ್ಸಾಸ್ಟ್ ಕೊಳವೆ ಹಾಕಿಸಿ, ಕವಚದ ಬಾಯಿಯನ್ನು ತಗಡಿನಿಂದ ಭದ್ರವಾಗಿ ಮುಚ್ಚಿಸಬೇಕು.

ಹೆಬ್ಬಾಳದಲ್ಲಿ ಮಾಡಿಸಬಹುದೆ?

ಆಮದು ಬೇಡ, ಇಲ್ಲೇ ಮಾಡಿಸೋಣ ಎನ್ನುವವರಿಗೆ ಹೆಬ್ಬಾಳ ಕೈಗಾರಿಕಾ ಪ್ರದೇಶದಂತಹ ಜಾಗಗಳು ಅನುಕೂಲ. ತಗಡು ಕತ್ತರಿಸುವ, ಬಾಗಿಸುವ, ವೆಲ್ಡ್ ಮಾಡುವ, ಪೌಡರ್ ಕೋಟಿಂಗ್ ಹಾಕುವ ಕೆಲಸಗಳು ಇಂಥ ಪ್ರದೇಶಗಳ ಸಣ್ಣ ಘಟಕಗಳ ನಿತ್ಯದ ಕಸುಬು. ಪ್ಲಾಸ್ಟಿಕ್ ತಂತ್ರಜ್ಞಾನದ ತರಬೇತಿ ಮತ್ತು ಪರೀಕ್ಷೆಯ ಕೇಂದ್ರ ಸರ್ಕಾರಿ ಸಂಸ್ಥೆಯಾದ ಸಿಪೆಟ್‌ನ ಮೈಸೂರು ಕೇಂದ್ರವೂ ಹೆಬ್ಬಾಳದಲ್ಲೇ ಇದೆ.

ತಗಡಿನಲ್ಲಿ ಮಾಡಿಸುವುದಾದರೆ 20 ಗೇಜ್‌ನ, ಅಂದರೆ ಸುಮಾರು 0.9 ಮಿ.ಮೀ. ದಪ್ಪದ ಸಿ.ಆರ್. ಶೀಟ್ ಸೂಕ್ತ. ಇದಕ್ಕಿಂತ ತೆಳುವಾದರೆ ಫ್ಯಾನ್‌ನ ಅದುರಿಗೆ ಬಿರುಕು ಬಿಡುತ್ತದೆ. ಒಳಗಿನ ಪಟ್ಟಿಗಳ ಕೋನ ಮತ್ತು ಸ್ಥಾನವನ್ನು ಕಣ್ಣಳತೆಯಲ್ಲಿ ಮಾಡಿಸಬಾರದು. ಮೂಲ ಡಾಗ್‌ಹೌಸ್ ಕವಚವೊಂದನ್ನು ಎದುರಿಗಿಟ್ಟುಕೊಂಡು, ರಟ್ಟಿನಲ್ಲಿ ಅಚ್ಚು ತೆಗೆದು, ಅದರಂತೆ ಕತ್ತರಿಸುವುದು ಸರಿಯಾದ ಕ್ರಮ. ಪಟ್ಟಿಗಳನ್ನು ಬರೀ ಒಂದೆರಡು ಚುಕ್ಕಿ ವೆಲ್ಡ್‌ನಲ್ಲಿ ಬಿಡಬಾರದು. ಕಳಚಿಕೊಂಡ ಪಟ್ಟಿ ಫ್ಯಾನ್‌ಗೆ ಸಿಕ್ಕಿದರೆ ಎಂಜಿನ್‌ಗೆ ಕೇಡು ತಪ್ಪದು.

ಫೈಬರ್‌ನಲ್ಲಿ ಮಾಡಿಸುವುದಾದರೆ ರಾಳದ ಆಯ್ಕೆ ನಿರ್ಣಾಯಕ. ನೀರಿನ ತೊಟ್ಟಿ, ಆಟಿಕೆ, ಬೊಂಬೆಗಳಿಗೆ ಬಳಸುವ ಸಾದಾ ಪಾಲಿಯೆಸ್ಟರ್ ರಾಳ 70-80 ಡಿಗ್ರಿಯ ಆಸುಪಾಸಿನಲ್ಲೇ ಮೆದುವಾಗತೊಡಗುತ್ತದೆ. ಎಂಜಿನ್ ನಿಲ್ಲಿಸಿದ ಕೂಡಲೇ ಗಾಳಿ ನಿಂತು, ಹೆಡ್‌ನ ಶಾಖ ಮೇಲೇರಿ ಕವಚವನ್ನು ತಟ್ಟುವ ಆ ಹತ್ತು ನಿಮಿಷಗಳಲ್ಲಿ ಅಂಥ ಕವಚ ಸೊಟ್ಟಗಾಗುತ್ತದೆ. ಸೊಟ್ಟಗಾದ ಕವಚ ಫ್ಯಾನ್‌ಗೆ ತಾಗುತ್ತದೆ. ಆದ್ದರಿಂದ ವಿನೈಲ್ ಎಸ್ಟರ್ ಅಥವಾ ಶಾಖದಲ್ಲಿ ಪಕ್ವಗೊಳಿಸಿದ ಎಪಾಕ್ಸಿ ರಾಳವನ್ನೇ ಕೇಳಿ ಪಡೆಯಬೇಕು. ಹೆಡ್‌ಗೆ ಹತ್ತಿರ ಬರುವ ಭಾಗಗಳು ತಗಡಿನವೇ ಆಗಿರಬೇಕು.

ಕವಚವೊಂದೇ ಸಾಲದು

ಎಷ್ಟೇ ಒಳ್ಳೆಯ ಕವಚ ಹಾಕಿದರೂ ಸುತ್ತಲಿನ ಚಿಕ್ಕಪುಟ್ಟ ತಗಡುಗಳಿಲ್ಲದಿದ್ದರೆ ಪ್ರಯೋಜನವಿಲ್ಲ. ಸಿಲಿಂಡರ್‌ಗಳ ಅಡಿಯಲ್ಲಿ ಗಾಳಿಯನ್ನು ಫಿನ್‌ಗಳಿಗೆ ಒತ್ತಿಹಿಡಿಯುವ ತಗಡುಗಳು, ಎಂಜಿನ್ ಮತ್ತು ಬಾಡಿಯ ನಡುವಿನ ರಬ್ಬರ್ ಪಟ್ಟಿ, ಸ್ಪಾರ್ಕ್ ಪ್ಲಗ್ ವೈರ್‌ಗಳ ರಬ್ಬರ್ ಮುಚ್ಚಳ, ಇವೆಲ್ಲವೂ ವ್ಯವಸ್ಥೆಯ ಅಂಗಗಳು. ರಬ್ಬರ್ ಪಟ್ಟಿ ಹರಿದಿದ್ದರೆ ಕೆಳಗೆ ಹೊರಬಿದ್ದ ಬಿಸಿಗಾಳಿ ಮತ್ತೆ ಮೇಲೇರಿ ಫ್ಯಾನ್‌ನ ಬಾಯಿಗೇ ಬರುತ್ತದೆ. ಎಂಜಿನ್ ತನ್ನ ಬೇಗೆಯನ್ನು ತಾನೇ ಉಸಿರಾಡಿದಂತೆ ಆಗುತ್ತದೆ.

ಕವಚದೊಳಗೆ ಥರ್ಮೋಸ್ಟಾಟ್‌ಗೆ ಜೋಡಿಸಿದ ಕದಗಳಿರುತ್ತವೆ. ಎಂಜಿನ್ ತಣ್ಣಗಿರುವಾಗ ಅವು ಮುಚ್ಚಿದ್ದು, 65ರಿಂದ 70 ಡಿಗ್ರಿಗೆ ತೆರೆಯತೊಡಗುತ್ತವೆ. ಬಿಸಿ ಊರಿಗೆ ಇವು ಬೇಡವೆಂದು ಕಿತ್ತೆಸೆಯುವುದು ಸರಿಯಲ್ಲ. ತೆರೆದಾಗ ಆ ಕದಗಳೇ ಗಾಳಿಯನ್ನು ಆಯಿಲ್ ಕೂಲರ್ ಮತ್ತು ಸಿಲಿಂಡರ್‌ಗಳ ಕಡೆ ತಿರುಗಿಸುವ ಕೆಲಸವನ್ನೂ ಮಾಡುತ್ತವೆ. ಜೊತೆಗೆ ಥರ್ಮೋಸ್ಟಾಟ್ ತೂತಾದರೆ ಕದ ತೆರೆದೇ ಉಳಿಯುವಂತೆ ರಚಿಸಲಾಗಿದೆ.

ವರ್ಷಗಟ್ಟಲೆ ಶೆಡ್‌ನಲ್ಲಿ ನಿಂತ ಕಾರಾದರೆ ಎಂಜಿನ್ ಚಾಲೂ ಮಾಡುವ ಮುನ್ನ ಕವಚ ಬಿಚ್ಚಿ ನೋಡುವುದು ಕಡ್ಡಾಯ. ಇಲಿಗಳಿಗೆ ಫ್ಯಾನ್ ಕವಚ ಇಷ್ಟದ ಮನೆ. ಒಳಗಿನ ಹುಲ್ಲು, ಬಟ್ಟೆ ಚೂರುಗಳು ಒಂದೇ ಸಿಲಿಂಡರ್‌ನ ದಾರಿಗೆ ಅಡ್ಡ ನಿಂತರೂ ಸಾಕು, ಮೊದಲ ಓಟದಲ್ಲೇ ಎಂಜಿನ್ ಕೆಡುತ್ತದೆ.

ಅಳೆಯದೆ ನಂಬಬೇಡಿ

ಕವಚ ಸರಿಯೇ ಎಂಬುದನ್ನು ತಿಳಿಯಲು ದುಬಾರಿ ಯಂತ್ರಗಳು ಬೇಕಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ‘ಯು’ ಆಕಾರದಲ್ಲಿ ಹಲಗೆಗೆ ಕಟ್ಟಿ, ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಕವಚದ ಒಳಗೆ ಸಿಲಿಂಡರ್ ಮೇಲ್ಭಾಗಕ್ಕೆ ಬಿಡಬೇಕು. ಎಂಜಿನನ್ನು ಒಂದೇ ವೇಗದಲ್ಲಿ ಇಟ್ಟು ನೀರು ಎಷ್ಟು ಏರುತ್ತದೆ ಎಂದು ಎಡಕ್ಕೂ ಬಲಕ್ಕೂ ಅಳೆದರೆ ಗಾಳಿಯ ಹಂಚಿಕೆ ಗೊತ್ತಾಗುತ್ತದೆ. ಎರಡು ಬದಿಗಳ ನಡುವೆ ದೊಡ್ಡ ವ್ಯತ್ಯಾಸ ಕಂಡರೆ ಆ ಕವಚ ಬೇಡ.

ಆ ಬಳಿಕ ಸ್ಪಾರ್ಕ್ ಪ್ಲಗ್ ಅಡಿಗೆ ಕೂರಿಸುವ ಹೆಡ್ ಉಷ್ಣಮಾಪಕ ಮತ್ತು ಆಯಿಲ್ ಉಷ್ಣಮಾಪಕ ಹಾಕಿಸುವುದು ಒಳಿತು. ಹೆಡ್ ಮಾಪಕ ಮೂರನೇ ಸಿಲಿಂಡರ್‌ನಲ್ಲೇ ಇರಲಿ. ಸಾಮಾನ್ಯ ಓಟದಲ್ಲಿ ಆಯಿಲ್ 80ರಿಂದ 110 ಡಿಗ್ರಿಯೊಳಗಿದ್ದರೆ ಚಿಂತೆಯಿಲ್ಲ, 120 ದಾಟಿದರೆ ನಿಲ್ಲಿಸಬೇಕು. ಹೆಡ್ 180 ಡಿಗ್ರಿಯೊಳಗೆ ಇರುವುದು ಕ್ಷೇಮ. 200 ದಾಟಿ ಅಲ್ಲೇ ನಿಂತರೆ ಅದು ಅಪಾಯದ ಸೂಚನೆ.

ಪರೀಕ್ಷೆಗೆ ದೂರ ಹೋಗಬೇಕಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯಲ್ಲಿ ಒಂದೇ ವೇಗದ ದೀರ್ಘ ಓಟ ಆಯಿಲ್‌ನ ಉಷ್ಣತೆಯನ್ನು ಪರೀಕ್ಷಿಸುತ್ತದೆ. ಚಾಮುಂಡಿ ಬೆಟ್ಟದ ಏರು, ಅಥವಾ ಮಸಿನಗುಡಿಯಿಂದ ಊಟಿಗೆ ಏರುವ 36 ತಿರುವುಗಳ ಕಲ್ಲಟ್ಟಿ ಘಾಟಿ ಹೆಡ್‌ನ ಉಷ್ಣತೆಯನ್ನು ಪರೀಕ್ಷಿಸುತ್ತದೆ. ಘಾಟಿಯಲ್ಲಿ ದೊಡ್ಡ ಗೇರ್‌ನಲ್ಲಿ ಎಂಜಿನನ್ನು ಮುಲುಕಿಸಬಾರದು. ಎಂಜಿನ್ ನಿಧಾನವಾದರೆ ಫ್ಯಾನ್ ಕೂಡ ನಿಧಾನವಾಗುತ್ತದೆ, ಶಾಖ ಮಾತ್ರ ಕಡಿಮೆಯಾಗುವುದಿಲ್ಲ. ಚಿಕ್ಕ ಗೇರ್ ಹಾಕಿ ವೇಗದ ಸುತ್ತಿನಲ್ಲಿ ಏರುವುದೇ ಸರಿ. ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ಚಾರ್ಜಿಂಗ್ ದೀಪ ಬೆಳಗಿದರೆ ತಕ್ಷಣ ನಿಲ್ಲಿಸಬೇಕು. ಬೆಲ್ಟ್ ತುಂಡಾದಾಗ ಚಾರ್ಜಿಂಗ್ ಜೊತೆಗೆ ಫ್ಯಾನ್ ಕೂಡ ನಿಂತಿರುತ್ತದೆ.

ಕಾನೂನಿನ ಮಾತು

ಕವಚ ಬದಲಿಸುವುದು ನೋಂದಣಿ ಪತ್ರದ ಯಾವ ವಿವರವನ್ನೂ ಬದಲಿಸುವುದಿಲ್ಲ. ಆದರೆ ಎಂಜಿನ್‌ನ ಸಿಸಿ ಏರಿಸುವುದು ಹಾಗಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ನೀಡಿದ ತೀರ್ಪು ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ನಿಯಮ ಮೀರಿ ಮಾರ್ಪಡಿಸಿದ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸಕ್ಕೆ ಅವಕಾಶವಿದೆ.

ಇನ್ನೊಂದು ಸಂಗತಿ ಬಹಳ ಮಂದಿಯ ಗಮನಕ್ಕೆ ಬಂದಂತಿಲ್ಲ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಕಾರು ಮತ್ತು ದ್ವಿಚಕ್ರ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ‘ವಿ.ಎ.’ ಅಕ್ಷರಗಳಿರುವ ವಿಶೇಷ ಸಂಖ್ಯಾಫಲಕ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂ. ಶುಲ್ಕವಿದ್ದು, ಅದು ಹತ್ತು ವರ್ಷಗಳ ಅವಧಿಗೆ ಊರ್ಜಿತ. ಆದರೆ ವಾಹನ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬುದು ಷರತ್ತು. ನೋಂದಾಯಿಸಿದ ಬಳಿಕ ಅದನ್ನು ನಿತ್ಯದ ಓಡಾಟಕ್ಕೆ ಬಳಸುವಂತೆಯೂ ಇಲ್ಲ.

ಅಂದರೆ 1960ರ ದಶಕದ ಬೀಟಲ್ ಹೊಂದಿದವರ ಮುಂದೆ ಎರಡು ದಾರಿಗಳಿವೆ. ದೊಡ್ಡ ಎಂಜಿನ್ ಹಾಕಿಸಿ ಶಕ್ತಿ ಪಡೆಯಬಹುದು, ಆದರೆ ವಿಂಟೇಜ್ ಮನ್ನಣೆಯನ್ನು ಬಿಟ್ಟುಕೊಡಬೇಕಾದೀತು. ಅಥವಾ ಮೂಲ ಎಂಜಿನ್ ಉಳಿಸಿಕೊಂಡು, ಅದರ ಗಾಳಿ ವ್ಯವಸ್ಥೆಯನ್ನು ಸರಿಪಡಿಸಿ ನೆಮ್ಮದಿಯಿಂದ ಓಡಿಸಬಹುದು. ಕೆಲಸ ಆರಂಭಿಸುವ ಮುನ್ನವೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಅನುಮತಿಯನ್ನು ಲಿಖಿತವಾಗಿ ಪಡೆಯುವುದು ಜಾಣತನ.

ಕೊನೆಯದಾಗಿ ಯಾರಿಗೆ ಯಾವುದು?

ಮೂಲ ಎಂಜಿನ್, ಊರೊಳಗಿನ ಓಡಾಟ: ಇರುವ ಕವಚವನ್ನೇ ಶುಚಿಗೊಳಿಸಿ, ರಬ್ಬರ್ ಪಟ್ಟಿ ಮತ್ತು ಕೆಳಗಿನ ತಗಡುಗಳನ್ನು ಪೂರ್ಣಗೊಳಿಸಿದರೆ ಸಾಕು.

1776 ಸಿಸಿವರೆಗಿನ ಎಂಜಿನ್, ಹೆದ್ದಾರಿ ಪ್ರಯಾಣ: ಪಟ್ಟಿಗಳು ಪೂರ್ಣವಾಗಿರುವ ಡಾಗ್‌ಹೌಸ್ ಕವಚ, ಅಗಲದ ಫ್ಯಾನ್, ಮೂಲ ಅಳತೆಯ ಪುಲ್ಲಿ. ಹೀಟರ್ ಕೊಳವೆ ಬೇಡ.

1900 ಸಿಸಿ ಆಸುಪಾಸಿನ ಎಂಜಿನ್, ಘಾಟಿ ಪ್ರಯಾಣ: ಡಾಗ್‌ಹೌಸ್ ಕವಚದ ಜೊತೆಗೆ ಪ್ರತ್ಯೇಕ ಫ್ಯಾನ್ ಇರುವ ಹೊರಗಿನ ಆಯಿಲ್ ಕೂಲರ್, ಬ್ಯಾಲೆನ್ಸ್ ಮಾಡಿಸಿದ ಫ್ಯಾನ್. ಹಣವೂ ಅನುಭವಿ ಮೆಕ್ಯಾನಿಕ್ಕೂ ಇದ್ದರೆ 911 ಮಾದರಿ.

ಕಟ್ಟಕಡೆಯ ಬೀಟಲ್ ಮೆಕ್ಸಿಕೊದ ಪ್ಯೂಬ್ಲಾ ಕಾರ್ಖಾನೆಯಿಂದ 2003ರ ಜುಲೈ 30ರಂದು ಹೊರಬಂತು. ಒಟ್ಟು 2,15,29,464 ಕಾರುಗಳು ತಯಾರಾಗಿದ್ದವು. ಬ್ರೆಜಿಲ್‌ನ ಕೊಂಬಿ ವ್ಯಾನಿನಲ್ಲಿ ಇದೇ ಬಗೆಯ ಎಂಜಿನ್ 2005ರವರೆಗೆ ಬಳಕೆಯಲ್ಲಿತ್ತು. ಬಿಡಿಭಾಗಗಳು ಹೊರದೇಶಗಳಲ್ಲಿ ಇಂದಿಗೂ ದೊರೆಯುತ್ತವೆ, ಆದರೆ ಅಲ್ಲಿಂದ ತರಿಸಿದ ಒಂದು ಜೊತೆ ಹೆಡ್ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಆಗುವ ಖರ್ಚು ಸಣ್ಣದಲ್ಲ. ಸುಟ್ಟ ಒಂದು ವಾಲ್ವ್ ಮುರಿದು ಸಿಲಿಂಡರ್‌ಗೆ ಬಿದ್ದರೆ ಪಿಸ್ಟನ್, ಹೆಡ್, ಕೆಲವೊಮ್ಮೆ ಮೆಗ್ನೀಸಿಯಂ ಮಿಶ್ರಲೋಹದ ಕ್ರ್ಯಾಂಕ್ ಕೇಸ್ ಕೂಡ ಹೋಗುತ್ತದೆ. ಆದುದರಿಂದ ಎಂಜಿನ್‌ಗೆಂದು ತೆಗೆದಿಟ್ಟ ಹಣದಲ್ಲಿ ಕವಚ, ತಗಡು, ರಬ್ಬರ್ ಮತ್ತು ಎರಡು ಉಷ್ಣಮಾಪಕಗಳ ಪಾಲನ್ನು ಮೊದಲು ಎತ್ತಿಡುವುದು ಒಳಿತು. ಉಳಿದ ಹಣದಲ್ಲಿ ಎಷ್ಟು ಶಕ್ತಿ ಸಿಗುತ್ತದೋ ಅಷ್ಟೇ ಆ ಎಂಜಿನ್ ತಾಳಿಕೊಳ್ಳಬಲ್ಲ ಶಕ್ತಿ.